ಕೊಪ್ಪರಿಗೆಯ ಬಳಿ ಎಂಟು ಮಂದಿ

ಒಪ್ಪಂದ ಇಷ್ಟು: ಶೀಗಿ ಹುಣ್ಣಿಮೆಯೊಳಗೆ ಎಂಬತ್ತು ಬಿಳಿ ರುಮಾಲಿಗೆ ಕೆಂಪು ಬಣ್ಣ ಹಾಕಿ ಕೊಡಬೇಕು. ಕೊಟ್ಟರೆ ಮಠಕ್ಕೆ ಒಂದು ವರ್ಷದ ಜೋಳ. ಹುಣ್ಣಿಮೆ ದಾಟಿದರೆ ಏನೂ ಇಲ್ಲ. ಅರಿವೆಯೂ ಜೋಳವೂ ಸಾಹುಕಾರ ಅಡಿವೆಪ್ಪನವು. ಬಣ್ಣ, ಬೆವರು ಮಠದ್ದು.

ಹೊಳೆದಂಡೆಯ ಆ ಮಠಕ್ಕೆ ಹೊಲವಿರಲಿಲ್ಲ. ಭಿಕ್ಷೆಗೆ ಹೋಗುವ ರೂಢಿಯೂ ಇರಲಿಲ್ಲ. ಬಣ್ಣದ ಕೆಲಸವೇ ಅದರ ಅನ್ನ. ಈ ಸಲದ ಜವಾಬ್ದಾರಿಯನ್ನು ಹಾಲಯ್ಯ ಗುರುಗಳು ಶಿಷ್ಯ ಮುರಿಗೆಪ್ಪನ ಹೆಗಲಿಗೆ ಹಾಕಿದರು.

"ಕೆಲಸಕ್ಕ ಎಷ್ಟು ಮಂದಿ?" ಎಂದು ಕೇಳಿದರು.

"ನನ್ನೂ ಹಿಡಿದು ಎಂಟು, ಅಜ್ಜಾರೆ."

"ನನಗ ಆರು ಮಂದಿ ಕಾಣ್ತಾರ."

ಅಜ್ಜಾರ ಕಣ್ಣು ಮಂಜಾಗಿವೆ ಎಂದುಕೊಂಡ ಮುರಿಗೆಪ್ಪ. ಆದರೂ ಬೆರಳು ಮಡಚಿ ಎಣಿಸಿದ. ಅರಿವೆ ಒಗೆದು, ಅದ್ದಿ, ಒಣಗಿಸುವ ಐವರು ಶಿಷ್ಯರು. ಕೊಪ್ಪರಿಗೆಯ ಕೆಳಗೆ ಬೆಂಕಿ ನೋಡಿಕೊಳ್ಳುವ ಫಕೀರಪ್ಪ. ಬಣ್ಣದ ಬೇರು ಅರೆಯುವ ತಿಪ್ಪವ್ವ. ತಾನು.

"ಎಂಟೇ, ಅಜ್ಜಾರೆ."

"ಆಗಲಿ," ಎಂದು ಗುರುಗಳು ಕೋಲು ಊರಿ ಎದ್ದರು.

ಮಠದಲ್ಲಿ ಒಂದು ರೂಢಿ ಇತ್ತು. ದಿನದ ಕೆಲಸ ಗೊತ್ತಾಗುತ್ತಿದ್ದುದು ಬೆಳಗಿನ ಹೊಳೆ ಸ್ನಾನದಲ್ಲಿ. ಎದೆಮಟ್ಟದ ನೀರಿನಲ್ಲಿ ನಿಂತು, ಮೈ ತಿಕ್ಕಿಕೊಳ್ಳುತ್ತ, ಒಬ್ಬರಿಗೊಬ್ಬರು ನೀರು ಎರಚುತ್ತ, ಇವತ್ತು ಎಷ್ಟು ಅದ್ದುವುದು, ಎಲ್ಲಿ ಹರವುವುದು ಎಂದು ಮಾತಾಡಿ ಮುಗಿಸುತ್ತಿದ್ದರು. ಮೇಲೆ ಬರುವ ಹೊತ್ತಿಗೆ ಎಲ್ಲ ತೀರ್ಮಾನವಾಗಿರುತ್ತಿತ್ತು.

ಫಕೀರಪ್ಪನ ಒಂದು ಕಾಲು ಸೊರಗಿದ್ದು. ಹೊಳೆಯ ಕಡಿದಾದ ಮೆಟ್ಟಿಲು ಅವನಿಗೆ ಇಳಿಯಲು ಬರುವುದಿಲ್ಲ; ಅವನ ಸ್ನಾನ ಮೇಲೆ ಬಾವಿಯ ಹತ್ತಿರ. ತಿಪ್ಪವ್ವ ಗಂಡಸರು ಮೀಯುವಲ್ಲಿಗೆ ಹೋಗುವ ಪ್ರಶ್ನೆಯೇ ಇಲ್ಲ. ಮುರಿಗೆಪ್ಪ ಮೇಲೆ ಬಂದವನೇ ಇಬ್ಬರಿಗೂ ಅವರವರ ಕೆಲಸ ಹೇಳುತ್ತಿದ್ದ. ಮೆತ್ತಗೆ ಹೇಳುತ್ತಿದ್ದ. ಊಟವನ್ನೂ ಅವರಿಬ್ಬರಿಗೇ ಮೊದಲು ಕಳಿಸುತ್ತಿದ್ದ. ಯಾರಿಗೂ ಏನೂ ಕಡಿಮೆ ಮಾಡಿಲ್ಲ ಎಂಬ ಸಮಾಧಾನ ಅವನಿಗಿತ್ತು.

ಒಂದು ಬೆಳಗ್ಗೆ ನೀರಿನಲ್ಲಿ ನಿಂತು ಹೊಸ ಮಾತಾಯಿತು. ಬಣ್ಣಕ್ಕೆ ಅದ್ದಿ ಹೊಳೆಯಲ್ಲಿ ತೊಳೆದ ಅರಿವೆಯನ್ನು ಮೇಲಿನ ಬಂಡೆಗೆ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿದೆ. ಇನ್ನು ಕೆಳಗೆ ಮರಳಿನ ಮೇಲೆಯೇ ಹರವೋಣ ಎಂದರು. ಎಲ್ಲರೂ ಒಪ್ಪಿದರು. ಆ ದಿನ ಇಪ್ಪತ್ತು ರುಮಾಲು ಮರಳ ಮೇಲೆ ಕೆಂಪಗೆ ಮಲಗಿದವು.

ಮಧ್ಯಾಹ್ನ ಶಿಷ್ಯರು ಊಟಕ್ಕೆ ಕೂತಿದ್ದಾಗ ಹೊಳೆ ಏರಿತು. ಮೇಲೆಲ್ಲೋ ಮಳೆಯಾಗಿರಬೇಕು. ಮುರಿಗೆಪ್ಪ ಎಂಜಲು ಕೈಯಲ್ಲೇ ಓಡಿದ. ಆಗಲೇ ಇಪ್ಪತ್ತೂ ಹೋಗಿದ್ದವು.

ಅಲ್ಲಿಂದ ಅವನು ನೇರ ಕೊಪ್ಪರಿಗೆಯ ಹತ್ತಿರ ಬಂದ. ಅಲ್ಲಿ ಕೂತರೆ ಹೊಳೆಯೆಲ್ಲ ಅಂಗೈಯಲ್ಲಿದ್ದಂತೆ ಕಾಣುತ್ತದೆ.

"ನೀರು ಏರೂದು ನಿಮಗ ಕಾಣಲಿಲ್ಲೇನು?"

"ಕಾಣ್ತು," ಎಂದ ಫಕೀರಪ್ಪ.

"ಅರಿವಿ ತೇಲಿ ಹೋಗೂದು?"

"ಅದೂ ಕಾಣ್ತು. ಇನ್ನೊಮ್ಮೆ ಜಾಲಿಸಾಕ ಬಿಟ್ಟೀರೇನೋ ಅಂದ್ಕೊಂಡೆ, ಅಣ್ಣಾರ. ಆ ಕಡೆ ತುದೀಗೆ ಯಾರೋ ಹಿಡಿಯವರು ಇರಬೇಕು ಅಂತ."

ಅವನು ಹಂಗಿಸುತ್ತಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು.

ತಿಪ್ಪವ್ವ ಅರೆಯುವ ಕೈ ನಿಲ್ಲಿಸಲಿಲ್ಲ. "ಮರಳಿನ ಮ್ಯಾಲೆ ಯಾಕ ಹಾಕೀರಿ ಅಂತ ಮುಂಜಾನೆ ಕೇಳಿದ್ದೆ. 'ಅದೆಲ್ಲಾ ಮಾತಾಡಿ ಆಗೇತಿ, ನೀ ಬೇರು ಅರಿ' ಅಂದ್ರಿ. ಅರಿಯಾಕತ್ತೀನಿ."

ಸಾಹುಕಾರ ಅಡಿವೆಪ್ಪ ಸುದ್ದಿ ಕೇಳಿ ಕೂಗಾಡಲಿಲ್ಲ. ವ್ಯಾಪಾರಸ್ಥ, ಕೂಗಿದರೆ ಅರಿವೆ ತಿರುಗಿ ಬರುವುದಿಲ್ಲ ಎಂದು ಗೊತ್ತಿದ್ದವನು. ಬೇರೆ ಇಪ್ಪತ್ತು ರುಮಾಲು ಕಳಿಸಿದ. ಹೋದದ್ದರ ಬೆಲೆ ಜೋಳದಲ್ಲಿ ಮುರಿದುಕೊಳ್ಳುತ್ತೇನೆ, ಹುಣ್ಣಿಮೆ ಮಾತ್ರ ಮುಂದಕ್ಕೆ ಹೋಗುವುದಿಲ್ಲ ಎಂದು ಹೇಳಿ ಕಳಿಸಿದ.

ಮುರಿಗೆಪ್ಪ ಗುರುಗಳ ಮುಂದೆ ಕೂತ. ಆ ಇಬ್ಬರನ್ನೂ ಬಿಟ್ಟು ಊರೊಳಗಿಂದ ಬೇರೆ ಇಬ್ಬರನ್ನು ಕರೆಸೋಣ ಎಂದ. ಕಣ್ಣಿದ್ದೂ ನೋಡದವರನ್ನು ಇಟ್ಟುಕೊಂಡು ಎಂಬತ್ತು ಮುಟ್ಟಿಸುವುದು ಹೇಗೆ ಎಂದು ಕೇಳಿದ.

ಗುರುಗಳು ಕೋಲಿನಿಂದ ಕೊಪ್ಪರಿಗೆಯ ಕಡೆ ತೋರಿಸಿದರು.

"ನಾಳೆ ಒಂದಿನ ನೀ ಹೊಳೀಗೆ ಇಳಿಬ್ಯಾಡ," ಎಂದರು. "ಬಾವ್ಯಾಗ ಜಳಕಾ ಮಾಡಿ ಬೆಂಕಿ ಮುಂದ ಕೂಡು. ಕೆಲಸ ಶಿವಪುತ್ರ ನೋಡ್ಕೊಳ್ಳಲಿ."

ಶಿವಪುತ್ರ ಐವರು ಶಿಷ್ಯರಲ್ಲಿ ಹಿರಿಯ.

ಮರುದಿನ ಮುರಿಗೆಪ್ಪ ಬಾವಿಯ ನೀರು ಸುರುವಿಕೊಂಡು ಕೊಪ್ಪರಿಗೆಯ ಮುಂದೆ ಕೂತ. ಕೆಳಗೆ ಹೊಳೆಯಲ್ಲಿ ಮಾತು, ನಗು. ಏನೆಂದು ಕೇಳಿಸದು. ಐವರೂ ಒದ್ದೆ ತಲೆಯಲ್ಲಿ ಇನ್ನೂ ನಗುತ್ತಲೇ ಮೇಲೆ ಬಂದರು.

ಏನು ವಿಷಯ ಎಂದು ಕೇಳಿದ.

ಏನಿಲ್ಲ ಅಣ್ಣಾ, ಅಲ್ಲಿಯದೇ ಒಂದು ಮಾತು ಎಂದ ಶಿವಪುತ್ರ. ಆಮೇಲೆ ಬಹಳ ಮೆತ್ತಗೆ, ನೀವು ಬೆಂಕಿ ನೋಡಿಕೊಂಡರೆ ಸಾಕು ಎಂದ.

ಫಕೀರಪ್ಪ ಕಟ್ಟಿಗೆ ಮುರಿಯುತ್ತ ಮುರಿಗೆಪ್ಪನ ಕಡೆ ತಿರುಗಿದ. "ಚಿಂತಿ ಮಾಡಬ್ಯಾಡ್ರಿ ಅಣ್ಣಾರ. ಊಟ ನಮಗ ಮೊದಲ ಬರತೈತಿ."

ತಿಪ್ಪವ್ವ ಸೆರಗು ಬಾಯಿಗೆ ಹಿಡಿದುಕೊಂಡಳು. ಮುರಿಗೆಪ್ಪನಿಗೆ ನಗು ಬರಲಿಲ್ಲ.

ಊಟ ಮೊದಲೇ ಬಂತು. ರೊಟ್ಟಿ ಬಿಸಿಯಾಗಿತ್ತು. ಅರ್ಧ ತಿಂದು ಪಕ್ಕಕ್ಕಿಟ್ಟ.

ಇಳಿಹೊತ್ತಿಗೆ ಗಾಳಿ ಎದ್ದಿತು. ಮೇಲಿನ ಬಂಡೆಯ ಮೇಲೆ ಹರವಿದ್ದ ರುಮಾಲೊಂದರ ತುದಿಯ ಕಲ್ಲು ಸರಿಯಿತು. ಅರಿವೆ ಒಂದು ಸಲ ಎದ್ದು, ಮಲಗಿ, ಮತ್ತೆ ಎದ್ದಿತು. ಮುರಿಗೆಪ್ಪ ನೋಡುತ್ತ ಕೂತಿದ್ದ. ಬೇಕೆಂದೇ ಒಂದು ಕಡೆ ಬಿಚ್ಚಿರಬೇಕು, ಬೇಗ ಆರಲಿ ಎಂದು ಹೊಳೆಯಲ್ಲಿ ಗೊತ್ತುಮಾಡಿರಬೇಕು ಎಂದುಕೊಂಡ.

ರುಮಾಲು ಹಾರಿ ಮುಳ್ಳಿನ ಕಂಟಿಯ ಮೇಲೆ ಬಿತ್ತು. ಆಗ ಅವನು ದಡಬಡಿಸಿ ಎದ್ದ.

ಮುಳ್ಳಿನಿಂದ ಅರಿವೆ ಬಿಡಿಸಿಕೊಂಡು, ಅದನ್ನು ಹಾಗೇ ಕೈಯಲ್ಲಿ ಹಿಡಿದು ಗುರುಗಳ ಬಳಿ ಹೋದ. ಅರಿವೆ ಹರಿದಿರಲಿಲ್ಲ.

"ಅಜ್ಜಾರೆ, ಇವತ್ತು ಎಷ್ಟು ಮಂದಿ ಇದ್ದಿವಿ?"

"ಐದು," ಎಂದರು ಗುರುಗಳು.

ಮುರಿಗೆಪ್ಪ ಅರಿವೆಯನ್ನು ಬಂಡೆಗೆ ಒಯ್ದು ಹರವಿ, ತುದಿಗೆ ಕಲ್ಲಿಟ್ಟ.

ಅಂದಿನಿಂದ ಹೊಳೆಯಲ್ಲಿ ಬರೀ ಸ್ನಾನ. ಕೆಲಸದ ಮಾತು ಮೇಲೆ, ಕೊಪ್ಪರಿಗೆಯ ಸುತ್ತ. ಶಿಷ್ಯರು ಗೊಣಗಿದರು, ಒದ್ದೆ ಮೈಯಲ್ಲಿ ಚಳಿ ಹಿಡಿಯುತ್ತದೆ, ಅಲ್ಲಿ ಮುಗಿಯುವ ಮಾತು ಇಲ್ಲಿ ಎರಡರಷ್ಟು ಹೊತ್ತು ತಿನ್ನುತ್ತದೆ ಎಂದರು. ಅದು ಸುಳ್ಳಲ್ಲ. ತಿಪ್ಪವ್ವ ಒಂದೊಂದಕ್ಕೂ ಯಾಕೆ ಎಂದು ಕೇಳುತ್ತಿದ್ದಳು. ಫಕೀರಪ್ಪನಿಗೆ ಬಾಯಿ ಸಿಕ್ಕಿದ್ದೇ ತಡ, ನಿಲ್ಲಿಸಲು ಬರುತ್ತಿರಲಿಲ್ಲ. ಬೆಂಕಿ ಹೆಚ್ಚಿಸಿದರೆ ಬಣ್ಣ ಬೇಗ ಹಿಡಿಯುತ್ತದೆ ಎಂದು ಅವನು ಪಟ್ಟುಹಿಡಿದ. ಒಪ್ಪಿದರು. ಎರಡು ರುಮಾಲು ಬದನೆಕಾಯಿ ಬಣ್ಣಕ್ಕೆ ತಿರುಗಿದವು. ಅವನ್ನು ತಿರುಗಿ ಒಗೆದು ತಿರುಗಿ ಅದ್ದಬೇಕಾಯಿತು.

ಮುರಿಗೆಪ್ಪ ಗುರುಗಳ ಬಳಿ ಬಂದು ಅದನ್ನೂ ಹೇಳಿದ. "ಅವನ ಮಾತು ಕೇಳಿ ಎರಡು ಕೆಟ್ಟುವು, ಅಜ್ಜಾರೆ."

"ನಿಮ್ಮ ಆರು ಮಂದಿ ಮಾತು ಕೇಳಿ ಎಷ್ಟು ಹೋದುವು?"

ಮುರಿಗೆಪ್ಪ ತಲೆ ಕೆರೆದುಕೊಂಡು ಕೆಲಸಕ್ಕೆ ಹೋದ.

ಹುಣ್ಣಿಮೆ ಹತ್ತಿರ ಬಂದಾಗ ಇನ್ನೊಮ್ಮೆ ಮೋಡ ಕವಿಯಿತು. ಬಂಡೆಯ ತುಂಬ ಅರಿವೆ. ಶಿಷ್ಯರೆಲ್ಲ ಕೆಳಗೆ ಒಗೆಯುತ್ತಿದ್ದರು. ಮೊದಲ ಹನಿಗೆ ಮುಂಚೆಯೇ ತಿಪ್ಪವ್ವನ ದನಿ ಹೊಳೆಯ ಆಚೆ ದಡಕ್ಕೂ ಕೇಳಿಸಿತು. "ನಮ್ಮ ಅರಿವಿ ತೋಯತಾವ್ರೋ, ಓಡಿ ಬರ್ರಿ."

ಅವರು ಮೇಲೆ ಹತ್ತಿ ಬರುವಷ್ಟರಲ್ಲಿ ಅರ್ಧ ಅರಿವೆ ಅವಳ ಮಡಿಲಲ್ಲಿ, ಉಳಿದರ್ಧ ಕೂತಲ್ಲೇ ಜರುಗುತ್ತಿದ್ದ ಫಕೀರಪ್ಪನ ತೊಡೆಯ ಮೇಲೆ. ಅವನ ಬಗಲುಕೋಲು ಎಲ್ಲೋ ಬಿದ್ದಿತ್ತು.

ಶೀಗಿ ಹುಣ್ಣಿಮೆಯ ದಿನ ಅಡಿವೆಪ್ಪ ಬಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಎಂಬತ್ತು ರುಮಾಲು ಹೇರಿಸಿಕೊಂಡ. ಹೇಳಿದಂತೆಯೇ ಮುರಿದುಕೊಂಡು, ಉಳಿದ ಜೋಳ ಇಳಿಸಿ ಹೋದ.

ಮುರಿಗೆಪ್ಪ ಗುರುಗಳಿಗೆ ಲೆಕ್ಕ ಒಪ್ಪಿಸಿದ. ಜೋಳ ವರ್ಷಕ್ಕೆ ಸಾಲದು, ಒಂಬತ್ತು ತಿಂಗಳಿಗೆ ಬಂದೀತು. ಹೋದ ಇಪ್ಪತ್ತು ರುಮಾಲು ಮೂರು ತಿಂಗಳ ರೊಟ್ಟಿ ತಿಂದವು. ಇಷ್ಟೇ ಗಳಿಕೆ ಎಂದು ಕೈಮುಗಿದ.

"ಕೆಲಸಕ್ಕ ಎಷ್ಟು ಮಂದಿ ಅದೀರಿ?"

"ಅದ ಎಂಟು, ಅಜ್ಜಾರೆ. ಯಾರೂ ಹೊಸಬರು ಬಂದಿಲ್ಲ."

"ಆರು ಇದ್ದಿರಿ," ಎಂದರು ಗುರುಗಳು. "ಜೋಳದ ಕೂಡ ಆ ಇಬ್ಬರನ್ನೂ ಗಳಿಕಿಗೆ ಹಿಡಿ."