ಅರಸನ ಈಲಿ, ಪಂಡಿತನ ತಲೆ

“ಕೇಳಿರಪ್ಪೋ ಕೇಳಿ! ಹಿರೇದಿಬ್ಬದ ಅರಸ ಹರಿಯಮದೇವರ ಕಾಯಿಲೆ ವಾಸಿ ಮಾಡಬಲ್ಲೆ ಅನ್ನುವವರು ನಾಳೆ ಅರಮನೆಗೆ ಬರಬೇಕು. ಅರಸುಮಗಳು ದೇಕಲೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ರಾಜವೈದ್ಯನ ಪೀಠ, ಜತೆಗೆ ಕೇಳಿದ್ದೊಂದು ವರ. ಒಂದು ತಪ್ಪಿದರೂ ತಲೆ ಅರಮನೆಯದು!”

ಡಂಗುರದವನು ಇದನ್ನು ನನ್ನ ಮನೆ ಮುಂದೆಯೇ ಮೂರು ಸಲ ಕೂಗಿದ. ನನಗೆ ಮೈಯೆಲ್ಲ ಉರಿದುಹೋಯಿತು. ಹಳೆಯ ರಾಜವೈದ್ಯರ ಹತ್ತಿರ ಹನ್ನೆರಡು ವರ್ಷ ಬೇರು ತೇಯ್ದವನು ನಾನು, ನಾಗಮಯ್ಯ ಪಂಡಿತ. ಗುರುಗಳು ಕಣ್ಣು ಮುಚ್ಚುವ ಮುಂಚೆ ‘ಪೀಠ ನಾಗಮಯ್ಯನಿಗೆ’ ಅಂದಿದ್ದರೆ ಮುಗಿಯುತ್ತಿತ್ತು. ಅದು ಬಿಟ್ಟು ಮೂರು ಒಗಟನ್ನೂ ಉತ್ತರದ ಓಲೆಯನ್ನೂ ಆ ಹುಡುಗಿಯ ಕೈಗೆ ಕೊಟ್ಟರು. ‘ಬಿಡಿಸಿದವನಿಗೆ ನಿಮ್ಮಪ್ಪನ ಕಾಯಿಲೆ ಗೊತ್ತು, ಮಿಕ್ಕವರನ್ನು ಹತ್ತಿರ ಸೇರಿಸಬೇಡ’ ಅಂದರಂತೆ. ಮಿಕ್ಕವರು ಅಂದರೆ ಯಾರು? ನಾನೇ ತಾನೇ!

ಅರಸರ ಹೊಟ್ಟೆ ಡೊಳ್ಳಾಗಿತ್ತು. ಬಲಪಕ್ಕೆಯಲ್ಲಿ ಭಾರ, ನಾಲ್ಕು ಹೆಜ್ಜೆಗೆ ಏದುಸಿರು. ಓಲೆ ಮಗಳ ಕೈಯಲ್ಲಿದ್ದರೂ ಅವಳ ಮಾತು ಕೇಳಿ ಮದ್ದು ಕುಡಿಯುವವರಲ್ಲ ಅವರು, ಅದಕ್ಕೇ ಈ ಡಂಗುರ. ತಲೆದಂಡವನ್ನು ಸೇರಿಸಿದವರೂ ಅವರೇ. ಕಂಡಕಂಡವರ ಕಷಾಯ ಕುಡಿದು ರೋಸಿಹೋಗಿದ್ದರು.

ಮರುದಿನ ಸಭೆಯಲ್ಲಿ ದೇಕಲೆ ಮೊದಲನೆಯದನ್ನು ಕೇಳಿದಳು. “ಅರಮನೆಯ ಬಲಗಡೆ ಒಬ್ಬ ಉಗ್ರಾಣಿ ಇದ್ದಾನೆ. ಕೊಟ್ಟದ್ದನ್ನೆಲ್ಲ ತುಂಬಿಟ್ಟುಕೊಳ್ಳುತ್ತಾನೆ, ಬೇಡ ಅನ್ನುವುದಿಲ್ಲ. ಉಗ್ರಾಣ ಬಿರಿದರೂ ಕೂಗುವುದಿಲ್ಲ. ಯಾರವನು?”

ತೆಂಕಣ ಸೀಮೆಯ ವೈದ್ಯ ಸೋವಣ್ಣ ಎದೆಯುಬ್ಬಿಸಿ “ಹೊಟ್ಟೆ” ಅಂದ.

“ಹೊಟ್ಟೆ ಕೂಗದೆ ಇರುತ್ತದೆಯೇ? ಹಸಿದರೆ ಊರಿಗೇ ಕೇಳುತ್ತದೆ.” ಭಟರು ಅವನನ್ನು ಕಂಬಕ್ಕೆ ಕಟ್ಟಿದರು.

ಮಲ್ಲರಸನೆಂಬ ಇನ್ನೊಬ್ಬ “ಗುಂಡಿಗೆ” ಅಂದ. ಗುಂಡಿಗೆ ಬಲಗಡೆ ಇರುವ ವೈದ್ಯನನ್ನು ಅವತ್ತೇ ನಾನು ನೋಡಿದ್ದು. ಅವನೂ ಕಂಬ ಸೇರಿದ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಉತ್ತರ ನನಗೆ ಗೊತ್ತಿತ್ತು. ಆದರೆ ಮುಂದಿನ ಎರಡು ಗೊತ್ತಿರಲಿಲ್ಲವಲ್ಲ, ಇರುವ ತಲೆ ಒಂದೇ. ಸುಮ್ಮನೆ ಕೂತೆ.

ಅಷ್ಟರಲ್ಲಿ ಬಾಗಿಲ ಹತ್ತಿರ ಒಬ್ಬ ಕಂಬಳಿಯವನು ಮಜ್ಜಿಗೆ ಗಡಿಗೆ ಕೆಳಗಿಟ್ಟ. ಗೊಲ್ಲರಹಟ್ಟಿಯ ಕ್ಯಾತ, ಅಡುಗೆಮನೆಗೆ ಮಜ್ಜಿಗೆ ಹಾಕುವವನು.

“ಅದು ಈಲಿ ಕಣ್ ತಾಯೀ,” ಅಂದ, ನಮ್ಮ ಶಾಸ್ತ್ರದ ಯಕೃತ್ತಿಗೆ. “ಟಗರು ಕೊಯ್ದಾಗ ನೋಡೀವ್ನಿ. ಬೆಟ್ಟ ಹತ್ತಿ ಮೇದ ಟಗರಿನ ಈಲಿ ಕೆಂಪಗಿರ್ತದೆ. ಕಟ್ಟಿಹಾಕಿ ಕಾಳು ತಿನ್ಸಿದ್ದರದು ಬೆಳ್ಳಗೆ ಊದ್ಕೊಂಡು, ಮುಟ್ಟಿದ್ರೆ ಕೈಗೆ ಜಿಡ್ಡು ಹತ್ತುತ್ತೆ. ಟಗರು ಮಾತ್ರ ಒಂದಿನಾನೂ ನೋವು ಅಂದಿರಲ್ಲ.”

ಅರಸರು ತಮ್ಮ ಬಲಪಕ್ಕೆ ಮುಟ್ಟಿಕೊಂಡರು. ದೇಕಲೆ ಎರಡನೆಯದನ್ನು ಹೇಳಿದಳು. “ಅರಸನ ಒಳಕೋಟೆಯಲ್ಲಿ ಕಣ್ಣಿಗೆ ಕಾಣದ ಪ್ರಜೆಗಳು. ಅರಸ ಉಂಡದ್ದೇ ಅವರ ಊಟ. ಸೊಪ್ಪು, ತರಕಾರಿ ಸಿಕ್ಕರೆ ಕೋಟೆ ಕಾಯುತ್ತಾರೆ. ಬರೀ ಸಿಹಿ, ಜಿಡ್ಡು ಸುರಿದರೆ ಅವರಲ್ಲಿ ಪುಂಡರು ಹೆಚ್ಚಿ ಉಗ್ರಾಣಿಯನ್ನೇ ಕಾಡುತ್ತಾರೆ. ಯಾರವರು?”

ಹೊಟ್ಟೆಯ ಹುಳ ಎಂದುಕೊಂಡೆ ನಾನು. ಬಾಯಿಬಿಟ್ಟಿದ್ದರೆ ಅಲ್ಲೇ ಸಾಯುತ್ತಿದ್ದೆ.

ಕ್ಯಾತ ತಲೆ ಕೆರೆದುಕೊಂಡ. “ಹೆಪ್ಪಿನ ಜಾತಿಯವು ಇರ್ಬೇಕು. ಒಂದು ಮಿಳ್ಳೆ ಹೆಪ್ಪು ಒಂದು ಗಡಿಗೆ ಹಾಲನ್ನ ಮೊಸರು ಮಾಡ್ತದೆ. ಮಾಡೋರು ಮಾತ್ರ ಕಾಣಲ್ಲ. ಕುದಿಯೋ ಹಾಲಿಗೆ ಹಾಕಿದ್ರೆ ಹೆಪ್ಪು ಸಾಯ್ತದೆ ಅಂತಾಳೆ ನಮ್ಮವ್ವ. ಸಾಯ್ತದೆ ಅಂದ್ಮೇಲೆ ಜೀವ ಇತ್ತು ತಾನೆ? ಅಂಥವು ಕರುಳಲ್ಲೂ ಅವೆ.”

“ಭೇಷ್ ಮಗೂ!” ಅಂದರು ಅರಸರು.

ಮಗೂ! ಹನ್ನೆರಡು ವರ್ಷದಲ್ಲಿ ನನ್ನನ್ನು ‘ಏ ಪಂಡಿತ’ ಅಂದದ್ದು ಬಿಟ್ಟು ಬೇರೆ ಮಾತಿಲ್ಲ. ಚರಕ ಯಾರು ಸುಶ್ರುತ ಯಾರು ಎಂದು ತಿಳಿಯದ, ಕುರಿವಾಸನೆಯ ಈ ಹೈದ ಮಗುವಾದನೇ? ನನ್ನ ಹೊಟ್ಟೆಗೆ ಕಿಚ್ಚು ಬಿತ್ತು. ಮೂರನೆಯದನ್ನಾದರೂ ಅವನಿಗಿಂತ ಮುಂಚೆ ಹೇಳಿಬಿಡಬೇಕೆಂದು ತುದಿಗಾಲಲ್ಲಿ ನಿಂತೆ.

“ತಂದವನಿಗೆ ಸಿಕ್ಕದು, ಬಿಟ್ಟವನಿಗೆ ಸಿಕ್ಕುತ್ತದೆ,” ಅಂದಳು ದೇಕಲೆ. “ಅದಿದ್ದರೆ ಅಂಗಳದ ಸೊಪ್ಪೂ ಮದ್ದು. ಅದಿಲ್ಲದಿದ್ದರೆ—”

ಅಂಗಳದ ಸೊಪ್ಪು ಅಂದದ್ದೇ ತಡ, “ನೆಲನೆಲ್ಲಿ!” ಎಂದು ಕಿರುಚಿದೆ. ಈಲಿಗೆ ನೆಲನೆಲ್ಲಿ ಎನ್ನುವುದು ನಮ್ಮಲ್ಲಿ ಎಳೆಮಕ್ಕಳಿಗೂ ಗೊತ್ತು.

ದೇಕಲೆ ನನ್ನನ್ನು ಕನಿಕರದಿಂದ ನೋಡಿದಳು. “ನೆಲನೆಲ್ಲಿಯನ್ನು ಕಿತ್ತು ತರಬಹುದಲ್ಲ, ಪಂಡಿತರೇ. ನಿಮ್ಮ ಚೀಲದಲ್ಲೇ ಇದೆ. ಅದಿಲ್ಲದಿದ್ದರೆ ಮದ್ದೂ ಬರೀ ಸೊಪ್ಪು ಎಂದು ಮುಗಿಸುವವಳಿದ್ದೆ.”

ಮೂರನೆಯ ಕಂಬ ನನ್ನದಾಯಿತು. ಹಗ್ಗ ಬಿಗಿಯುವಾಗಲೂ, ಇವನೂ ತಪ್ಪಲಿ ದೇವರೇ ಎಂದು ಬೇಡಿಕೊಂಡೆ.

“ಪಥ್ಯ,” ಅಂದ ಕ್ಯಾತ. “ಪಂಡಿತರ ಸೊಪ್ಪು ಒಳ್ಳೇದೇ ಬುದ್ಧೀ. ಆದ್ರೆ ಅದರ ಮೇಲೆ ಹೋಳಿಗೆ, ತುಪ್ಪ ಸುರೀತಿದ್ರೆ ಅದೇನು ಮಾಡೀತು? ಬಾಯಿ ಬಿಗಿ ಹಿಡೀಬೇಕು, ಮಜ್ಜಿಗೆ ಕುಡೀಬೇಕು, ನಮ್ ಟಗರುಗಳ ಸಂಗಡ ಬೆಟ್ಟ ಹತ್ತಬೇಕು.”

ದೇಕಲೆ ಓಲೆ ಬಿಚ್ಚಿ ಓದಿದಳು. ಈಲಿ, ಕರುಳಿನ ಕಾಣದ ಜೀವಗಳು, ಪಥ್ಯ. ಮೂರೂ ಗುರುಗಳ ಕೈಬರಹದಲ್ಲೇ ಇದ್ದವು. ಸಭೆ ಜಯಕಾರ ಹಾಕಿತು.

“ಪೀಠ ನಿನ್ನದು. ವರ ಕೇಳು,” ಅಂದರು ಅರಸರು.

“ಸೋತೋರ ತಲೆ ಬೇಕು ಬುದ್ಧೀ.”

ನಾನು ಕಣ್ಣು ಮುಚ್ಚಿದೆ. ಇವನಿಗೂ ನನ್ನಷ್ಟೇ ವಿಷ ಇದೆಯಲ್ಲ ಎಂದು ಒಂದು ಗಳಿಗೆ ಸಮಾಧಾನವೂ ಆಯಿತು.

“ಮೈಮೇಲೆ ಇದ್ದ ಹಾಗೇ ಕೊಡಿ,” ಅಂದ ಕ್ಯಾತ. “ನಂಗೊತ್ತಿರೋದು ನಾಕು ಸೊಪ್ಪು. ನೂರಾರು ಗಿಡದ ಹೆಸರು, ಗುಣ ಅವರ ತಲೇಲವೆ. ಕಡಿದ್ರೆ ನಾನ್ಯಾರನ್ನ ಕೇಳ್ಲಿ?”

ಅರಸರು ಆಗಲೇ ನಮ್ಮ ಮೂವರ ಹಗ್ಗವನ್ನೂ ಬಿಚ್ಚಿಸಿದರು. ಈಗ ದಿನಾ ಬೆಟ್ಟ ಹತ್ತುತ್ತಾರೆ, ಏದುಸಿರಿಲ್ಲ. ಕ್ಯಾತ ಬೆಳಿಗ್ಗೆ ಬೆಳಿಗ್ಗೆ ಯಾವುದೋ ಬೇರು ಹಿಡಿದು ಬಂದು, ನನ್ನ ಕಾಲ ಬುಡದಲ್ಲಿ ಕೂತು, “ಇದೇನು ಗುರುಗಳೇ?” ಅನ್ನುತ್ತಾನೆ. ತಪ್ಪು ಹೇಳಿಕೊಟ್ಟುಬಿಡಬೇಕು ಎಂದು ದಿನಾ ಅನಿಸುತ್ತದೆ. ಬಾಯಿಗೆ ಬರುವುದು ಸರಿಯಾದದ್ದೇ.