ದೊರೆಗೆ ಲ್ಯಾಟಿನ್ ಹಿಡಿದದ್ದು

ಕಡಲ ಬದಿಯ ಹೊನ್ನೆಗುಡ್ಡದ ದೊರೆ ಹಿರಿಯಣ್ಣ ನಾಯಕನ ಕಿವಿಗೆ ಹೊಸ ವಿಷಯ ಬಿತ್ತೆಂದರೆ ಊರಿಗೆಲ್ಲ ಗ್ರಹಚಾರ. ಈ ಸಲ ಬಿದ್ದದ್ದು ಲ್ಯಾಟಿನ್. ರೋಮ್ ಸಾಮ್ರಾಜ್ಯ ಮಣ್ಣುಗೂಡಿ ಎಷ್ಟೋ ಕಾಲವಾಯಿತು, ಆದರೂ ಅದರ ಲ್ಯಾಟಿನ್ ಭಾಷೆಯಲ್ಲೇ ತಮ್ಮ ಕಡೆ ಪ್ರಾರ್ಥನೆ, ಕಾನೂನು, ವೈದ್ಯ ಎಲ್ಲ ನಡೆಯುತ್ತದೆ ಎಂದು ಬಂದರಿಗೆ ಬಂದಿಳಿದ ಪಾದ್ರಿ ಹೇಳಿದ್ದ.

"ಯಾರೂ ಕೆಡಿಸದೆ ಶುದ್ಧವಾಗಿ ಇಟ್ಟುಕೊಂಡಿದ್ದಕ್ಕೇ ಅದು ಉಳಿದದ್ದು," ಎಂದು ದೊರೆ ತಾನೇ ತೀರ್ಮಾನಿಸಿಬಿಟ್ಟ. "ನನ್ನ ನಾಡಿನ ಕನ್ನಡವೂ ಹಾಗೇ ಉಳಿಯಬೇಕು. ಕಲಬೆರಕೆ ಮಾತಾಡುವವರೆಲ್ಲ ಗಡಿಯಾಚೆ ಹೋಗಲಿ."

ಮೊದಲು ಸಿಕ್ಕಿಬಿದ್ದವಳು ಮೀನು ಮಾರುವ ಸಣ್ಣಿ. ಕೊಂಕಣಿ, ತುಳು, ಅರಬರ ಮಾತು ಎಲ್ಲ ಸೇರಿಸಿ ವ್ಯಾಪಾರ ಮಾಡುವವಳು. ಮರುದಿನ ಸಂಜೆ ಅವಳನ್ನು ದೋಣಿ ಹತ್ತಿಸಿ ಕಳಿಸಬೇಕೆಂದು ಅಪ್ಪಣೆಯಾಯಿತು. ಮಕ್ಕಳು ಅವಳ ಸೆರಗು ಹಿಡಿದು ಅಳುವುದನ್ನು ಆಸ್ಥಾನದ ವಿದೂಷಕ ಮಾಬ್ಲ ನೋಡಿದ. ಅವನು ನೆಟ್ಟಗೆ ಪಾದ್ರಿಯ ಬಿಡಾರಕ್ಕೆ ಹೋಗಿ ಬಹಳ ಹೊತ್ತು ಮಾತಾಡಿದ.

ಬೆಳಿಗ್ಗೆ ಮಾಬ್ಲ ಪಾದ್ರಿಯನ್ನು ಕರೆದುಕೊಂಡು ಸಭೆಗೆ ಬಂದ. ಹಿಂದೆಯೇ ಇಬ್ಬರು ಭಟರು ಪೋರ್ಚುಗೀಸ್ ಕಪ್ತಾನನ ರಟ್ಟೆ ಹಿಡಿದು ತಂದು ನಿಲ್ಲಿಸಿದರು. ದೊರೆ ಆಸೆಪಟ್ಟು ತರಿಸಿದ್ದ ಕುದುರೆಗಳು ಇದ್ದದ್ದು ಇದೇ ಕಪ್ತಾನನ ಹಡಗಿನಲ್ಲಿ.

"ಇದೇನೋ ಮಾಡಿದೆ, ಮಾಬ್ಲ?"

"ತಮ್ಮ ಅಪ್ಪಣೆಯನ್ನೇ ನಡೆಸಿದೆ ಪ್ರಭು. ಈತ ಆಡುವುದು ಕೆಟ್ಟುಹೋದ ಲ್ಯಾಟಿನ್. ಬೇಕಾದರೆ ಪಾದ್ರಿಗಳನ್ನೇ ಕೇಳಿ."

ಪಾದ್ರಿ ಒಪ್ಪಲೇಬೇಕಾಯಿತು. ಸಿಪಾಯಿಗಳು, ಸಂತೆಯವರು ಬಾಯಿಂದ ಬಾಯಿಗೆ ಕೆಡಿಸುತ್ತಾ ಬಂದ ಲ್ಯಾಟಿನ್ನೇ ಪೋರ್ಚುಗೀಸ್, ಫ್ರೆಂಚ್, ಇಟಾಲಿಯನ್ ಆಗಿತ್ತು.

"ಶುದ್ಧ ಲ್ಯಾಟಿನ್ನಿನಲ್ಲಿ ಜೋಗುಳ ಹಾಡುವ ತಾಯಿ ಯಾರಾದರೂ ಇದ್ದಾರೆಯೇ?" ಎಂದು ಮಾಬ್ಲ ಕೇಳಿದ.

ಪಾದ್ರಿ ಇಲ್ಲವೆಂದು ತಲೆಯಾಡಿಸಿದ.

"ನೋಡಿ ಪ್ರಭು, ಕೆಡಿಸಿದವರ ಮನೆಯಲ್ಲೇ ಅದರ ಸಂತಾನ ಬೆಳೆದಿದೆ."

ದೊರೆಗೆ ಸಂತಾನಕ್ಕಿಂತ ಕುದುರೆಯ ಚಿಂತೆ. ಸಿಟ್ಟು ನೆತ್ತಿಗೇರಿತು. "ಈ ಅಧಿಕಪ್ರಸಂಗಿಯನ್ನು ಕತ್ತಲಕೋಣೆಗೆ ತಳ್ಳಿ. ಎಲ್ಲಿ, ಚಾವಿ ತನ್ನಿ!"

ಮಾಬ್ಲ ಕಾಯುತ್ತಿದ್ದದ್ದೇ ಇದಕ್ಕೆ. ಭಟ ತಂದ ಬೀಗದ ಕೈಯನ್ನು ತೋರಿಸಿ, ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕಪ್ತಾನನನ್ನು ಕೇಳಿದ.

"ಚಾವೆ," ಎಂದ ಕಪ್ತಾನ.

"ಲ್ಯಾಟಿನ್ನಿನ ಕ್ಲಾವಿಸ್ ಕೆಟ್ಟು ಚಾವೆ ಆದದ್ದು," ಎಂದು ಪಾದ್ರಿ ವಿವರಿಸಿದ. "ಅದು ಹಡಗು ಹತ್ತಿ ಬಂದು ನಿಮ್ಮಲ್ಲಿ ಚಾವಿ ಆಗಿದೆ."

ಮಾಬ್ಲ ನಡು ಬಗ್ಗಿಸಿ ಕೈಮುಗಿದ.

"ಸಣ್ಣಿಯ ದೋಣಿ ಸಂಜೆಗೆ ಹೊರಡುತ್ತದೆ. ಪ್ರಭುಗಳಿಗೆ ಜಾಗ ಮುಂದೆ ಹಿಡಿಸಲೋ, ಹಿಂದೆ ಹಿಡಿಸಲೋ?"

ದೊರೆ ಕೆಂಗಣ್ಣು ಬಿಟ್ಟು ನೋಡಿದ. ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಹೆಗಲ ಶಾಲು ತೆಗೆದು ಮಾಬ್ಲನಿಗೆ ಹೊದಿಸಿದ.

"ಸಣ್ಣಿ ಊರಲ್ಲೇ ಇರಲಿ, ಮಾರಾಯ. ಅವಳ ಹೆಸರಲ್ಲಿ ನಾನೂ ಇಲ್ಲೇ ಇದ್ದುಬಿಡುತ್ತೇನೆ."