ಮೂಕಿ ಚಿತ್ರದಲ್ಲಿ ಮಾತಾಡಿದವನು

ನಳಿನಿಗೆ ಈ ಕತೆಯನ್ನು ಮೊದಲು ಹೇಳಿದವರು ದಾವಣಗೆರೆಯಲ್ಲಿ ನಾಟಕ ಕಲಿಸುತ್ತಿದ್ದ ಚನ್ನವೀರಪ್ಪ ಮೇಷ್ಟ್ರು. ಅವಳು ಕೇಳಿದ್ದು ಇಷ್ಟೇ: "ಯಾರಿಗೂ ಕೇಳಿಸದ ಮಾತನ್ನು ಸರಿಯಾಗಿ ಯಾಕೆ ಆಡಬೇಕು, ಮೇಷ್ಟ್ರೇ?"

ಪ್ರಶ್ನೆಗೆ ಕಾರಣವಿತ್ತು. ತಾಲೀಮು ನಡೆಯುತ್ತಿತ್ತು. ನಾಟಕದಲ್ಲಿ ರಾಜ ಸತ್ತಿದ್ದ. ಹೆಣದ ಸುತ್ತ ಕೂತು ಗೋಳಾಡುವ ಹೆಂಗಸರಲ್ಲಿ ನಳಿನಿಯೂ ಒಬ್ಬಳು. ಆ ಗುಂಪಿಗೆಂದು ಮಾತು ಬರೆದಿರಲಿಲ್ಲ; ಏನಾದರೂ ಗೊಣಗಿದರೆ ನಡೆಯುತ್ತಿತ್ತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅಳುವ ರಾಗದಲ್ಲಿ "ಬದನೆಕಾಯಿ, ಬೆಂಡೆಕಾಯಿ, ಅಯ್ಯೋ ಬದನೆಕಾಯಿ" ಅನ್ನುತ್ತಿದ್ದಳು. ನಾಲ್ಕು ಮಾರು ದೂರದಿಂದ ಅದು ಶೋಕದಂತೆಯೇ ಕೇಳುತ್ತಿತ್ತು. ಮೇಷ್ಟ್ರು ಪಕ್ಕದಲ್ಲೇ ಹಾದುಹೋದದ್ದು ಅವಳ ಗ್ರಹಚಾರ.

"ಸಂತೆ ಮುಗೀತೇನವ್ವಾ?" ಎಂದರು. ಉಳಿದವರನ್ನು ಚಹಾಕ್ಕೆ ಕಳಿಸಿ, ಅವಳನ್ನು ಕೂರಿಸಿಕೊಂಡು ಹೇಳಿದರು.

ಅಮೆರಿಕದಲ್ಲಿ ಒಬ್ಬ ನಟನಿದ್ದ. ಮೀಸೆ ಮೂಡಿದಂದಿನಿಂದ ತಲೆ ನರೆಯುವವರೆಗೆ ರಂಗದ ಮೇಲೆ ಬದುಕಿದವನು. ಅವನದು ಊರೂರು ತಿರುಗುವ ಕಂಪನಿ. ಅವನ ಆಸ್ತಿಯೆಂದರೆ ಧ್ವನಿ. ಕೊನೆಯ ಬೆಂಚಿನಲ್ಲಿ ತೂಕಡಿಸುವವನೂ ಎದ್ದು ಕೂರುವಂಥ ಧ್ವನಿ. ಅಷ್ಟರಲ್ಲಿ ಸಿನಿಮಾ ಬಂತು. ಜನ ಅತ್ತ ಹೋದರು, ಕಂಪನಿ ಮುಚ್ಚಿತು. ನಟನೂ ಹೊಟ್ಟೆಪಾಡಿಗೆ ಸಿನಿಮಾದ ಬಾಗಿಲು ತಟ್ಟಿದ.

ಅದು ಮೂಕಿ ಚಿತ್ರಗಳ ಕಾಲ. ಕ್ಯಾಮೆರಾಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ. ತೀರ ಬೇಕಾದ ಮಾತು ಮಾತ್ರ ಅಕ್ಷರವಾಗಿ ತೆರೆಯ ಮೇಲೆ ಮೂಡುತ್ತಿತ್ತು. ಹಾಗಾಗಿ ಅಲ್ಲಿನ ನಟರು ಬಾಯಿಗೆ ಬಂದದ್ದನ್ನು ಆಡುತ್ತಿದ್ದರು. ನಾಯಕಿ ನಾಯಕನ ಎದೆಗೊರಗಿ ಕಣ್ಣೀರು ಸುರಿಸುತ್ತ, "ಬೂಟು ಕಚ್ಚುತ್ತಿದೆ, ಊಟಕ್ಕೆ ಯಾವಾಗ ಬಿಡ್ತಾರೋ" ಅನ್ನುವಳು. ನಾಯಕ ಅವಳ ತಲೆ ನೇವರಿಸಿ, "ಇವತ್ತೂ ಅದೇ ಹಳಸಲು ಸಾರು" ಅನ್ನುವನು.

ನಮ್ಮ ನಟ ಹಾಗೆ ಮಾಡಲಿಲ್ಲ. ದೊಡ್ಡ ಪಾತ್ರವಿರಲಿ, ಪೆಟ್ಟಿಗೆ ಹೊರುವ ಆಳಿನ ಪಾತ್ರವಿರಲಿ, ಆ ಮನುಷ್ಯ ಆಡಬೇಕಾದ ಮಾತನ್ನು ತಾನೇ ಕಟ್ಟಿಕೊಂಡು, ಬಾಯಿಪಾಠ ಮಾಡಿ, ಪೂರ್ತಿ ಆಡುತ್ತಿದ್ದ. ಜೊತೆಯವರು ನಕ್ಕರು. "ಕಿವುಡರ ಮುಂದೆ ಶಂಖ ಊದುತ್ತಾನೆ" ಎಂದರು. ಅವನು ಊದುತ್ತಲೇ ಇದ್ದ.

ಕಡೆಗೊಮ್ಮೆ ದೊಡ್ಡ ಪಾತ್ರ ಸಿಕ್ಕಿತು. ಅಪ್ಪನೊಬ್ಬ ಮಗಳನ್ನು ಹಡಗು ಹತ್ತಿಸುವ ದೃಶ್ಯ. ತೆರೆಯ ಮೇಲೆ ಮೂಡುವುದು "ಹೋಗಿ ಬಾ" ಎಂಬುದೊಂದೇ. ನಟ ಅಲ್ಲಿಗೆ ನಿಲ್ಲಲಿಲ್ಲ. ಚಳಿಗೆ ಏನು ಹೊದೆಯಬೇಕು, ಯಾರನ್ನು ನಂಬಬಾರದು, ಎಲ್ಲ ಹೇಳತೊಡಗಿದ. ನಿರ್ದೇಶಕನಿಗೆ ರೇಗಿತು.

"ಮಹಾರಾಯ, ರೀಲು ಸುಮ್ಮನೆ ಓಡ್ತಿದೆ. ಬಾಯಿ ಆಡಿಸಿ ಮುಗಿಸು."

"ಬಾಯಿ ಆಡಿಸೋಕೆ ಎಮ್ಮೆ ಸಾಕಿತ್ತಲ್ಲ ಸ್ವಾಮಿ, ನನ್ನನ್ಯಾಕೆ ಕರೆಸಿದಿರಿ?"

ಅಮೆರಿಕದವನು ನಿಜಕ್ಕೂ ಎಮ್ಮೆ ಅಂದನೋ ಇನ್ನೇನಂದನೋ. ಮೇಷ್ಟ್ರು ಹೇಳಿದ್ದಂತೂ ಎಮ್ಮೆ ಅಂತಲೇ.

"ಇನ್ನೊಮ್ಮೆ ಹೀಗೇ ಮಾಡಿದರೆ ನಾಳೆಯಿಂದ ನಿನಗೆ ಇಲ್ಲಿ ಕೆಲಸವಿಲ್ಲ" ಎಂದ ನಿರ್ದೇಶಕ.

ನಟನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಅವನು ಮತ್ತೆ ಮಗಳ ಎದುರು ನಿಂತ. ಮತ್ತೆ ಎಲ್ಲವನ್ನೂ ಹೇಳಿದ, ಒಂದು ಮಾತೂ ಬಿಡಲಿಲ್ಲ. ಬೆಳಕು ಹೋಗುತ್ತಿತ್ತು, ಮತ್ತೆ ತೆಗೆಯಲು ಹೊತ್ತಿರಲಿಲ್ಲ. ನಿರ್ದೇಶಕ ಆ ದೃಶ್ಯವನ್ನು ಇಟ್ಟುಕೊಂಡ, ನಟನನ್ನು ಬಿಟ್ಟ.

ಚಿತ್ರ ತೆರೆಕಂಡಿತು. ಕೆಲಸ ಕಳೆದುಕೊಂಡವನು ಟಿಕೆಟ್ ಕೊಂಡು ಹಿಂದಿನ ಬೆಂಚಿನಲ್ಲಿ ಕೂತ. ಅಂದು ಮುಂದಿನ ಸಾಲುಗಳಲ್ಲಿ ಕಿವುಡರ ಶಾಲೆಯವರು ಕೂತಿದ್ದರು. ತುಟಿ ನೋಡಿಯೇ ಮಾತು ತಿಳಿಯಲು ಚಿಕ್ಕಂದಿನಿಂದ ಕಲಿತವರು. ತೆರೆಯ ಮೇಲೆ ನಾಯಕಿ ಅತ್ತಳು. ಇಡೀ ಚಿತ್ರಮಂದಿರ ಕಣ್ಣೊರೆಸಿಕೊಂಡರೆ ಆ ಸಾಲುಗಳು ಬಿದ್ದು ಬಿದ್ದು ನಕ್ಕವು. "ಕರುಳೇ ಇಲ್ಲದ ಜನ" ಎಂದು ಯಾರೋ ಬೈದರು. ಆಮೇಲೆ ಅಪ್ಪ ಬಂದ, ಮಗಳನ್ನು ಹಡಗು ಹತ್ತಿಸಿದ. ಮುಂದಿನ ಸಾಲುಗಳ ನಗು ನಿಂತಿತು. ಬಿಕ್ಕುವ ಸದ್ದು ಹಿಂದಿನ ಬೆಂಚಿನವರೆಗೂ ಬಂತು.

ಹೊರಗೆ ಒಬ್ಬ ಹೆಂಗಸು ಅವನ ಗುರುತು ಹಿಡಿದಳು. ಅವಳು ಕೈಸನ್ನೆ ಮಾಡಿದಳು. ಜೊತೆಯಲ್ಲಿದ್ದ ತಂಗಿ ಅದನ್ನು ಮಾತಿಗಿಳಿಸಿದಳು.

"ಅಕ್ಕ ಕೇಳ್ತಿದಾಳೆ, ಹಿಂದೊಂದು ಚಿತ್ರದಲ್ಲಿ ಗಾಡಿಯಿಂದ ಪೆಟ್ಟಿಗೆ ಇಳಿಸೋ ಆಳು ನೀವೇ ಅಲ್ವಾ? 'ಮೆಲ್ಲಗೆ ಹಿಡೀರಪ್ಪ, ಒಳಗೆ ಅಮ್ಮಾವ್ರ ಕನ್ನಡಿ ಇದೆ' ಅಂದ್ರಂತೆ. ಕನ್ನಡಿ ಒಡೆದೀತು ಅಂತ ಇವಳು ಚಿತ್ರ ಮುಗಿಯೋವರೆಗೂ ಹೆದರಿಕೊಂಡೇ ಕೂತಿದ್ಲಂತೆ."

ಆ ಮಾತು ನಟ ತಾನೇ ಕಟ್ಟಿಕೊಂಡದ್ದು. ಅಂದು ಪಕ್ಕದಲ್ಲಿದ್ದವರೂ ಅದಕ್ಕೆ ಕಿವಿಗೊಟ್ಟಿರಲಿಲ್ಲ. ಅಷ್ಟು ದೊಡ್ಡ ಧ್ವನಿಯವನು ಈಗ ಅವಳಿಗೆ ರಂಗದ ಮೇಲೆ ಬಾಗುವಂತೆ ತಲೆಬಾಗಿದ.

ಮರುದಿನ ಇನ್ನೊಂದು ಸ್ಟುಡಿಯೋಕ್ಕೆ ಹೋದ. ತೋಟದ ಮಾಲಿಯ ಪಾತ್ರ ಕೊಟ್ಟರು. "ಮಾತೇನು?" ಎಂದು ಕೇಳಿದ. "ಮಾತಿಲ್ಲ" ಎಂದರು. ಒಂದು ಮೂಲೆ ಹಿಡಿದು, ಮಾಲಿಯಾದವನು ಗಿಡದ ಹತ್ತಿರ ಏನು ಹೇಳಿಯಾನು ಎಂದು ಯೋಚಿಸುತ್ತ ಕೂತ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ನಳಿನಿ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ.

"ಆವತ್ತು ಆ ಹೆಂಗಸು ಬರದೇ ಹೋಗಿದ್ದರೆ, ಮೇಷ್ಟ್ರೇ?"

"ಅವಳು ಬರುವ ಮುಂಚೆಯೂ ಅವನು ಮಾತಾಡುತ್ತಲೇ ಇದ್ದನಲ್ಲವ್ವಾ."

ಚಹಾಕ್ಕೆ ಹೋದವರು ಬಂದರು. ರಾಜ ಬೀಡಿ ಎಸೆದು ಬಂದು ಹೆಣವಾಗಿ ಮಲಗಿದ. ಹೆಂಗಸರು ಸುತ್ತ ಕೂತರು. ನಳಿನಿಯ ಪಕ್ಕದವಳು ಸೆರಗಿನ ಮರೆಯಲ್ಲಿ ಬೆಂಡೆಕಾಯಿಗೆ ರಾಗ ಎಳೆದಳು.

ಮೇಷ್ಟ್ರು ನಳಿನಿಯ ಕಡೆ ತಿರುಗಿ, "ಅವಳಿಗೆ ಈ ಕತೆ ಇನ್ನು ನೀನು ಹೇಳು" ಎಂದರು.